ಅಕ್ಕನ ಗೋಡೆ, ಅವ್ವನ ಬದನೆ

ಇಪ್ಪತ್ತಮೂರು ವರ್ಷಗಳಿಂದ ನಾನು ಪಾಂಡವಪುರದ ಬಳಿಯ ಒಂದು ಪ್ರೌಢಶಾಲೆಯಲ್ಲಿ ಪರಾಗಸ್ಪರ್ಶದ ಪಾಠ ಮಾಡುತ್ತಿದ್ದೇನೆ. ಬೋರ್ಡಿನ ಮೇಲೆ ದಾಸವಾಳ ಬರೆಯುತ್ತೇನೆ. ಕೇಸರಕ್ಕೊಂದು ಬಾಣ, ಶಲಾಕೆಗೊಂದು ಬಾಣ, ಮೂಲೆಯಲ್ಲೊಂದು ಜೇನುನೊಣ. ಆ ಜೇನುನೊಣ ಹೆಲಿಕಾಪ್ಟರಿನ ಹಾಗಿರುತ್ತದೆ ಎಂದು ಹಿಂದಿನ ಬೆಂಚಿನವರು ಮಾತಾಡಿಕೊಳ್ಳುವುದು ನನಗೆ ಗೊತ್ತು. ಇಷ್ಟು ವರ್ಷಗಳಲ್ಲಿ ಒಂದು ಹೂವಿನ ಮುಂದೆ ಕುಳಿತು, ಹುಳ ಬಂದು ಏನು ಮಾಡಿ ಹೋಗುತ್ತದೆ ಎಂದು ನಾನು ಒಮ್ಮೆಯೂ ನೋಡಿರಲಿಲ್ಲ. ಕೇಳಿದವರಿಗೆ ಪುರುಸೊತ್ತಿಲ್ಲ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ, ಕಚ್ಚೀತು ಎಂಬ ಭಯ.

ಭಯ ನನ್ನ ಕಾಯಂ ಹುದ್ದೆ, ಮೇಷ್ಟ್ರ ಕೆಲಸ ಆಮೇಲಿನದು. ಬೆಳಿಗ್ಗೆ ಶ್ರೀರಂಗಪಟ್ಟಣದ ಮನೆಯಿಂದ ಹೊರಟು ಬೈಕು ಹೊಳೆ ಸೇತುವೆ ಹತ್ತುವಷ್ಟರಲ್ಲಿ ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಶುರುವಾಗುತ್ತದೆ. ವಾಪಸು ತಿರುಗಿಸಿಕೊಂಡು ಅರ್ಧ ದಾರಿ ಬಂದ ಮೇಲೆ, ಹೆಂಡತಿ ಮನೆಯಲ್ಲೇ ಇದ್ದಾಳೆ, ಒಲೆಯ ಮೇಲೆ ಅವಳದೇ ಸಾರು ಕುದಿಯುತ್ತಿದೆ ಎಂಬುದು ನೆನಪಾಗುತ್ತದೆ. ಇಂಥವನು ಹೋದ ಬೇಸಿಗೆ ರಜೆಯಲ್ಲಿ ಮಾಡಿದ ಒಂದು ಘನಕಾರ್ಯದ ಕಥೆ ಇದು. ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಆದರೆ ಹೇಳದೆ ಬಿಟ್ಟರೆ, ಅದರಿಂದ ನನಗೆ ನೋಡಲು ಸಿಕ್ಕಿದ್ದನ್ನೂ ಹೇಳದೆ ಬಿಟ್ಟಂತಾಗುತ್ತದೆ.

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ನಾಗಮಂಗಲದ ಕಡೆಯ ನಮ್ಮೂರಿಂದ ಅವಳನ್ನು ಕೆ.ಆರ್. ಪೇಟೆ ತಾಲ್ಲೂಕಿಗೆ, ಸಿಂಧಘಟ್ಟದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಾಗ ನಾನು ಒಂದನೇ ಕ್ಲಾಸು. ಅವಳು ಹೊರಟ ದಿನ ಅವ್ವ ಅವಳ ಸೆರಗಿನ ಚುಂಗಿಗೆ ಏನನ್ನೋ ಗಂಟು ಹಾಕಿದ್ದು ನೆನಪಿದೆ. ಬಂಗಾರವೇ ಇರಬೇಕೆಂದು ನಾನು ಬಹಳ ವರ್ಷ ನಂಬಿದ್ದೆ. ಅದು ಬದನೆ ಬೀಜ.

ಆ ಬದನೆ ನೋಡಲು ಅಂಥ ಚೆಂದವೇನಲ್ಲ. ಕೋಳಿಮೊಟ್ಟೆಯಷ್ಟು ಗಾತ್ರ, ಹಸಿರು ಮೈಮೇಲೆ ಬಿಳಿ ಗೀರು, ತೊಟ್ಟಿನ ಬುಡದಲ್ಲಿ ಮಾತ್ರ ಯಾರೋ ಹೆಬ್ಬೆರಳಲ್ಲಿ ಒತ್ತಿದಂತೆ ಒಂಚೂರು ನೇರಳೆ. ತೊಟ್ಟಿನ ತುಂಬ ಮುಳ್ಳು. ಕೆಂಡದ ಮೇಲೆ ಸುಟ್ಟು, ಹಸಿಮೆಣಸಿನಕಾಯಿ, ಹುಣಸೆ ಹಾಕಿ ಕಿವುಚಿದರೆ ಎರಡು ಮುದ್ದೆ ಎಲ್ಲಿ ಹೋದವೆಂದು ಗೊತ್ತಾಗುವುದಿಲ್ಲ. ಅವ್ವ ಹೋದ ಮೇಲೆ ನಮ್ಮೂರಿನಲ್ಲಿ ಆ ಬದನೆ ಉಳಿಯಲಿಲ್ಲ. ಅವಳ ಹಿತ್ತಲಿದ್ದ ಕಡೆ ಈಗ ತೆಂಗಿನ ಸಾಲಿದೆ. ಬದನೆ ಉಳಿದಿದ್ದರೆ ಅಕ್ಕನ ಹಿತ್ತಲಲ್ಲಿ, ಅಲ್ಲೂ ವರ್ಷಕ್ಕೆ ಹತ್ತಿಪ್ಪತ್ತು ಗಿಡ.

ಬೀಜ ಕಾಪಿಡುವುದಕ್ಕೆ ಅಕ್ಕನದು ಅವ್ವನದೇ ಕ್ರಮ. ಒಳ್ಳೆಯ ಕಾಯೊಂದನ್ನು ಕೀಳದೆ ಗಿಡದಲ್ಲೇ ಬಿಟ್ಟು ಹಳದಿಗಟ್ಟಿಸುವುದು. ಮೆತ್ತಗಾದ ಮೇಲೆ ಹಿಂಡಿ, ಬೀಜವನ್ನು ಬೂದಿ ಮತ್ತು ಸಗಣಿಯಲ್ಲಿ ಕಲಸಿ, ವಡೆಯಗಲದ ಬಿಲ್ಲೆ ತಟ್ಟಿ, ಕೊಟ್ಟಿಗೆಯ ಮೂಡಲ ಗೋಡೆಗೆ ಹೊಡೆಯುವುದು. ಮಳೆಗಾಲ ಬಂದಾಗ ಗೋಡೆಯಿಂದ ಒಂದು ಬಿಲ್ಲೆ ಕಿತ್ತು ಪುಡಿ ಮಾಡಿ ಸಸಿ ಏಳಲು ಒಟ್ಲು ಹಾಕುವುದು. ಡಬ್ಬಿಯಿಲ್ಲ, ಚೀಟಿಯಿಲ್ಲ. ಗೋಡೆಯೇ ಅವಳ ಬೀರು.

ಆ ಗೋಡೆಯದೂ ಒಂದು ವಿಶೇಷ. ಮನೆಗೆ ಇಟ್ಟಿಗೆ ಬಂದರೂ ಕೊಟ್ಟಿಗೆಯದು ಇನ್ನೂ ಮಣ್ಣಿನ ಗೋಡೆ. ಯುಗಾದಿಗೆ ಮುಂಚೆ ಅಕ್ಕ ಮೂರು ಗೋಡೆಗೂ ಕೆಮ್ಮಣ್ಣು ಸಾರಿಸುತ್ತಿದ್ದಳು. ಮೂಡಲದ್ದನ್ನು ಮಾತ್ರ ಸೊಂಟದೆತ್ತರಕ್ಕೆ ಸಾರಿಸಿ ಕೈತೊಳೆದುಬಿಡುತ್ತಿದ್ದಳು. ಅಲ್ಲಿಂದ ಮೇಲೆ ಗೋಡೆಯ ತುಂಬ ಪೆನ್ಸಿಲ್ಲು ತೂರುವಷ್ಟು ತೂತುಗಳು. ತೂತಿಗೊಂದರಂತೆ ಹುಳ ಒಳಗೆ ಹೋಗುವುದು, ಹೊರಗೆ ಬರುವುದು, ಬಿಸಿಲೇರಿದಂತೆ ಗೋಡೆಯೇ ಗುಯ್‌ಗುಡುವುದು. ವಯಸ್ಸಾಯಿತು, ಕೈ ಮೇಲೆ ಎಟುಕುವುದಿಲ್ಲ, ಹೇಳಿಕೊಳ್ಳಲು ನಾಚಿಕೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡು, ಮನಸ್ಸಿನಲ್ಲೇ ಮರುಗುತ್ತಿದ್ದೆ. ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ.

ಹೋದ ಬೇಸಿಗೆಯಲ್ಲಿ ಅಕ್ಕನ ಮಗಳಿಗೆ ನಾಗಮಂಗಲದಲ್ಲಿ ಹೆರಿಗೆಯಾಯಿತು. ಅಕ್ಕ ಹದಿನೈದು ದಿನ ಮೊದಲೇ ಅಲ್ಲಿಗೆ ಹೋಗಿದ್ದಳು. ಬಾಣಂತಿಯನ್ನೂ ಕೂಸನ್ನೂ ಕರೆದುಕೊಂಡೇ ಬರುವುದೆಂದು ಮಾತಾಗಿತ್ತು. ನನಗೆ ಶಾಲೆಗೆ ರಜ. ಭಾವನವರು ಒಬ್ಬರೇ ಇದ್ದಾರೆ, ನೋಡಿಕೊಂಡು ಬರೋಣವೆಂದು ಹೋದೆ. ಹೋದವನು ಆ ಗೋಡೆಯ ಮುಂದೆ ನಿಂತೆ. ನನ್ನ ತಲೆಯೊಳಗೆ ಸಿನಿಮಾ ಶುರುವಾಯಿತು. ಹಿತ್ತಲ ಬಾಗಿಲಲ್ಲಿ ಕೂಸನ್ನು ಎಳೆಬಿಸಿಲಿಗೆ ಮಲಗಿಸಿದ್ದಾರೆ, ಗೋಡೆಯಿಂದ ಕಣಜಗಳು ದಂಡೆದ್ದು ಬರುತ್ತಿವೆ, ಕೆ.ಆರ್. ಪೇಟೆ ಆಸ್ಪತ್ರೆಗೆ ಹೋಗಲು ಬಸ್ಸಿಲ್ಲ. ಆಗ ಅವು ನನ್ನ ಪಾಲಿಗೆ ಕಣಜಗಳೇ. ಗುಯ್‌ಗುಡುವುದೆಲ್ಲ ಕಣಜ.

ಭಾವನವರು ಕಡಿಮೆ ಮಾತಿನವರು, ಎರಡು ಹಸು, ಒಂದು ಡೇರಿ ಕ್ಯಾನು, ಅಷ್ಟೇ ಅವರ ಲೋಕ. ಗೋಡೆಗೆ ಸಿಮೆಂಟು ಬಳಿಸಿಬಿಡೋಣ, ಖರ್ಚು ನನ್ನದು, ಅಕ್ಕ ಬಂದು ನೋಡಿ ಸಂತೋಷಪಡಲಿ ಎಂದೆ. ಅವರು ಬೀಡಿ ಹಚ್ಚಿ, ಗೋಡೆ ನೋಡಿ, ನನ್ನನ್ನು ನೋಡಿದರು.

“ನಿಮ್ಮಕ್ಕುನ್ನ ಒಂದ್ ಮಾತ್ ಕೇಳಿದ್ದೀಯಾ?”

ಕೇಳಿದರೆ ಆಶ್ಚರ್ಯವೆಲ್ಲಿ ಉಳಿಯುತ್ತದೆ ಎಂದೆ. ಅವರು ಕ್ಯಾನು ತೆಗೆದುಕೊಂಡು ಡೇರಿಗೆ ಹೋದರು. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಊರಿನ ಗಾರೆ ಕೆಲಸದವರೇ ಬಂದರು. ಗೋಡೆಯ ಮೇಲೆ ಬೂದುಬಣ್ಣದ ಒಣಬಿಲ್ಲೆ ಆರೇಳು ಅಂಟಿದ್ದವು. ಇವೇನೋ ಬೇರೆ ಇದ್ದಂಗಿವೆ, ಯಾರನ್ನಾದರೂ ಕೇಳಿ ತೆಗೆಯೋಣವೇ ಎಂದು ಅವರಲ್ಲೊಬ್ಬ ಹಿಂದೆಮುಂದೆ ನೋಡಿದ. ಬೆರಣಿ ಚೂರುಗಳಿಗೆ ಎಂಥ ಅಪ್ಪಣೆ ಎಂದು ನಾನೇ ಕರಣೆ ಕಿತ್ತುಕೊಂಡು ಕೆರೆದು ತಿಪ್ಪೆಗೆ ಎಸೆದೆ. ವಿಜ್ಞಾನದ ಮೇಷ್ಟ್ರು. ಆ ಬಿಲ್ಲೆಗಳನ್ನು ತಟ್ಟುವುದನ್ನು ಚಿಕ್ಕಂದಿನಲ್ಲಿ ಅವ್ವನ ಮಗ್ಗುಲಲ್ಲೇ ಕುಳಿತು ನೋಡಿದ್ದವನು. ಹುಳದ ಹೆದರಿಕೆಯಲ್ಲಿ ಕಣ್ಣಿಗೆ ತೂತುಗಳು ಮಾತ್ರ ಕಾಣುತ್ತಿದ್ದವೆಂದು ಕಾಣುತ್ತದೆ.

ಸಂಜೆಯ ಹೊತ್ತಿಗೆ ಗೋಡೆ ಹಲಗೆಯಂತಾಯಿತು. ಮರುದಿನ ಬೆಳಿಗ್ಗೆ ಅಡಿಗೆಮನೆಯ ಕಿಟಕಿಯಿಂದ ನೋಡಿದೆ. ಹಸಿ ಸಿಮೆಂಟಿನ ಮುಂದೆ ಹುಳಗಳು ಗಾಳಿಯಲ್ಲೇ ನಿಂತಿದ್ದವು. ಒಂದು ಗೇಣು ಎಡಕ್ಕೆ, ಒಂದು ಗೇಣು ಬಲಕ್ಕೆ ಸರಿದು, ಗೋಡೆ ಮುಟ್ಟಿ, ಹಿಂದೆ ಬಂದು, ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತಿದ್ದವು. ಮೂರು ದಿನ ಹಾಗೇ ನಡೆಯಿತು. ಗೆದ್ದೆ ಎಂದುಕೊಂಡು ನಾನು ಕಾಫಿ ಕುಡಿದೆ. ಆ ಕಾಫಿಯ ನೆನಪಾದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಅಕ್ಕ ಬಂದ ದಿನ ನಾನು ಮೊದಲೇ ಹೋಗಿ ಕಾದಿದ್ದೆ, ಮೆಚ್ಚುಗೆ ತೆಗೆದುಕೊಳ್ಳಲು. ಕಾರಿಂದಿಳಿದು, ಬಾಣಂತಿಯನ್ನು ಒಳಗೆ ಕೂರಿಸಿ, ಕೈಕಾಲು ತೊಳೆಯಲು ಹಿತ್ತಲಿಗೆ ಬಂದವಳು ಚೊಂಬು ಹಿಡಿದುಕೊಂಡೇ ನಿಂತಳು.

“ಗ್ವಾಡೆ ಮ್ಯಾಲೆ ಬಿಲ್ಲೆ ಇದ್ವಲ್ಲ, ಎತ್ತಿಟ್ಟಿದ್ದೀಯೇನ್ಲಾ?”

ನನಗೆ ಆಗ ಹೊಳೆಯಿತು. ಹೊಳೆದದ್ದು ಮುಖದಲ್ಲಿ ಕಂಡಿರಬೇಕು. ಭಾವನವರು ಕ್ಯಾನು ಎತ್ತಿಕೊಂಡು ಡೇರಿಗೆ ಹೊರಟರು. ಮಧ್ಯಾಹ್ನದ ಒಂದೂವರೆಗೆ ಯಾವ ಡೇರಿಯೂ ತೆಗೆದಿರುವುದಿಲ್ಲ.

ತಿಪ್ಪೆಗೆ ಎಸೆದೆ ಎಂದೆ. ತಿಪ್ಪೆ ಇದ್ದ ಜಾಗದಲ್ಲಿ ಗುಂಡಿ ಮಾತ್ರ ಇತ್ತು. ಹಿಂದಿನ ವಾರ ಗೊಬ್ಬರವೆಲ್ಲ ಟ್ರಾಕ್ಟರಿನಲ್ಲಿ ಹೊಲಕ್ಕೆ ಹೋಗಿ, ಹರಡಿ, ಒಂದು ಸಾಲು ಉಳುಮೆಯೂ ಆಗಿತ್ತು. ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಚೊಂಬಿನ ನೀರನ್ನು ಕಾಲಿಗೆ ಸುರಿದುಕೊಂಡು ಮೆಲ್ಲಗೆ ಅಂದಳು.

“ಅವ್ವನ್ನೇ ಕೆರ್ದಾಕ್ಬುಟ್ಟಲ್ಲ ಕಣ್ಲಾ.”

ಅಂದು ಊಟಕ್ಕೆ ಅಂಗಡಿ ಬದನೆಕಾಯಿ ಪಲ್ಯ ಬಡಿಸಿದಳು. ಆಮೇಲೆ ಹೋದಾಗಲೆಲ್ಲ ಅದೇ. ಮಿರಮಿರ ಮಿಂಚುವ ಕಪ್ಪು ಹೈಬ್ರಿಡ್ಡು, ನೀರು ನೀರು. ಇನ್ನಷ್ಟು ಹಾಕಲೇ ಎಂದು ಬೇರೆ ಕೇಳುತ್ತಿದ್ದಳು. ನಾನು ಹಾಕಿಸಿಕೊಳ್ಳುತ್ತಿದ್ದೆ.

ಬಚ್ಚಲ ನೀರು ಹರಿಯುವ ಕಡೆ ಹಳೆಯ ಬದನೆಗಿಡ ನಾಲ್ಕು ಉಳಿದಿದ್ದವು. ಹೋದ ವರ್ಷದ ಕೂಳೆ. ಅಕ್ಕ ಅವನ್ನು ಮೊಳಕೈ ಎತ್ತರಕ್ಕೆ ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಟ್ಟಳು. ಹೊಸ ಚಿಗುರು ಬಂತು, ಹೂವೂ ಬಂತು. ಅವ್ವನ ಬದನೆ ಈ ಲೋಕದಲ್ಲಿ ಉಳಿದಿದ್ದರೆ ಆ ನಾಲ್ಕು ಗಿಡದ ಮೇಲೆ. ಅವು ಇನ್ನೊಂದು ವರ್ಷ ಬದುಕುವಂಥವಲ್ಲ ಎಂಬುದು ಕಾಂಡ ನೋಡಿದರೇ ತಿಳಿಯುತ್ತಿತ್ತು. ಒಂದೇ ಒಂದು ಒಳ್ಳೆಯ ಬೀಜಗಾಯಿ ಆದರೆ ಸಾಕು ಎಂದು ಅಕ್ಕ ಹೇಳಿದಳು. ಆದದ್ದೇನೆಂದರೆ, ಹೂ ಅರಳುವುದು, ಮೂರನೆಯ ದಿನಕ್ಕೆ ತೊಟ್ಟು ಕಳಚುವುದು. ಗಾಳಿಯ ದಯೆಯಿಂದ ಅಲ್ಲೊಂದು ಇಲ್ಲೊಂದು ಕಾಯಿ ಕಟ್ಟಿದರೂ ಗೋಲಿಯಷ್ಟಾಗಿ, ಒಂದು ಮಗ್ಗುಲು ಸೊಟ್ಟಗಾಗಿ ನಿಂತುಬಿಡುತ್ತಿತ್ತು. ಶಾಲೆ ಶುರುವಾದ ಮೇಲೆ ಒಂದು ಭಾನುವಾರ ಹೋದಾಗ ಅಂಥದೊಂದು ಹಣ್ಣಾದ ಕಾಯನ್ನು ಅಕ್ಕ ನನ್ನ ಮುಂದೆಯೇ ಕುಯ್ದಳು. ಒಳಗೆ ಬರೀ ಬೆಂಡು. ಬೀಜವೆಂದರೆ ನಾಲ್ಕೈದು, ಅವೂ ಜೊಳ್ಳು. ಚೂರಿಯ ತುದಿಯಲ್ಲಿ ಅವನ್ನು ಎತ್ತಿ ನನಗೆ ತೋರಿಸಿದಳು.

ಆ ಹುಳ ಇದ್ದಿದ್ದರೆ ಕಟ್ಟುತ್ತಿತ್ತು ಎಂದಳು. ಯಾವ ಹುಳ ಎಂದೆ. ಗೋಡೆಯದು ಎಂದಳು. ಮೇಷ್ಟ್ರ ಬಾಯಿ, ಸುಮ್ಮನಿರಲಿಲ್ಲ. ಹಿತ್ತಲ ತುಂಬ ಜೇನುನೊಣ ಓಡಾಡುತ್ತಿವೆ, ಪರಾಗಸ್ಪರ್ಶಕ್ಕೆ ಅವು ಸಾಲದೇ ಎಂದು ಕೇಳಿದೆ.

“ಜೇನು ಬತ್ತದೆ, ಮೂಸ್ತದೆ, ಓಯ್ತದೆ. ಬದ್ನೆ ಊವಿನ್ ಕಸುಬು ಅದ್ಕೆ ಗೊತ್ತಿಲ್ಲ ಕಣ್ಲಾ. ಗ್ವಾಡೆ ಉಳ ಅಂಗಲ್ಲ. ಊವ ತಬ್ಕಂಡು ನಡುಗುಸ್ತದೆ.”

ಅದಕ್ಕೇ ಆ ಗೋಡೆಗೆ ಅವಳು ಸಾರಿಸುತ್ತಿರಲಿಲ್ಲವಂತೆ. ಸೊಸೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಪೂರ್ತಿ ಸಾರಿಸಿ, ಆ ವರ್ಷ ಬದನೆ ಕೈಕೊಟ್ಟ ಮೇಲೆ, ನೋಡಿ ನೋಡಿ ಕಂಡುಕೊಂಡದ್ದು. ಇಷ್ಟು ವರ್ಷದಲ್ಲಿ ಒಂದು ಸಲವೂ ಯಾರನ್ನೂ ಕಚ್ಚಿಲ್ಲ ಎಂಬುದನ್ನೂ ಸೇರಿಸಿದಳು. ನಾನು ಹೊಸಹೊಳಲಿನ ದೇವಸ್ಥಾನಕ್ಕೆ ವರ್ಷಕ್ಕೊಂದು ತಂಡ ಮಕ್ಕಳನ್ನು ಕರೆತಂದು, ಕಡೆದ ಕಂಬಗಳನ್ನು ಬಾಯಿಬಿಟ್ಟು ನೋಡಿ ಎಂದು ಹೇಳುವವನು. ಅಲ್ಲಿಂದ ಬೈಕಿನಲ್ಲಿ ಸ್ವಲ್ಪ ಹೊತ್ತಿನ ದಾರಿ ಈ ಗೋಡೆ.

ಮುಂದಿನ ಭಾನುವಾರ ನಾನು ಬಕೆಟ್ಟು ಬೋರಲು ಹಾಕಿಕೊಂಡು ಆ ನಾಲ್ಕು ಗಿಡಗಳ ಮುಂದೆ ಕುಳಿತೆ. ತಲೆಗೆ ಮುಖಕ್ಕೆ ಟವೆಲ್ಲು ಸುತ್ತಿ, ಕಣ್ಣು ಮಾತ್ರ ಬಿಟ್ಟುಕೊಂಡು, ಉದ್ದ ತೋಳಿನ ಅಂಗಿಯ ಗುಂಡಿಯೆಲ್ಲ ಹಾಕಿಕೊಂಡು. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ನೋಡಿ, ಅಕ್ಕನನ್ನು ಕರೆದು, ನಿಮ್ಮ ಮನೆಗೆ ಯಾರೋ ನುಗ್ಗಿದ್ದಾರೆ ಎಂದಿತು.

ಅಕ್ಕ ಹೇಳಿದಂತೆಯೇ ಆಯಿತು. ಜೇನುನೊಣ ಬಂತು, ಹೂವಿನ ಸುತ್ತ ಒಂದು ಸುತ್ತು ಹಾಕಿತು, ಇಳಿಯಿತು, ಅತ್ತಿತ್ತ ತಡಕಿತು, ಹೋಯಿತು. ಬಿಸಿಲೇರಿ ಬೆವರಿಳಿದು, ಇನ್ನೇನು ಏಳಬೇಕು, ಆಗ ಅದು ಬಂತು. ಎಲ್ಲಿಂದ ಬಂತೋ. ಸಿಮೆಂಟಿನಿಂದ ತಪ್ಪಿಸಿಕೊಂಡು ಗದ್ದೆಯ ಬದುವಿನಲ್ಲೋ ಕಾಲುವೆ ಏರಿಯಲ್ಲೋ ಬಿಡಾರ ಮಾಡಿಕೊಂಡಿದ್ದ ಒಂದು ಹುಳ. ಜೇನುನೊಣಕ್ಕಿಂತ ತುಸು ದಪ್ಪ, ಬೆನ್ನ ಮೇಲೆ ಕಂದು ತುಪ್ಪಳ, ಕಪ್ಪು ಹೊಟ್ಟೆಯ ಮೇಲೆ ಸಾಲಾಗಿ ನೀಲಿ ಪಟ್ಟಿಗಳು. ನೀಲಿಯೆಂದರೆ ಬಣ್ಣ ಹಚ್ಚಿದ ನೀಲಿಯಲ್ಲ. ನವಿಲಿನ ಕತ್ತು ತಿರುಗಿದಾಗ ಬರುತ್ತದಲ್ಲ, ಆ ಥರದ್ದು. ಇಷ್ಟು ವರ್ಷ ಇದನ್ನು ನಾನು ಕಣಜವೆಂದು ಕರೆದಿದ್ದೆ.

ಅದು ತಲೆಕೆಳಗಾಗಿ ನೇತಾಡುವ ಬದನೆ ಹೂವಿನ ಕೆಳಗೆ ಗಾಳಿಯಲ್ಲಿ ನಿಂತಿತು. ಆಮೇಲೆ ಒಮ್ಮೆಗೆ ಮೇಲೆದ್ದು, ಹೂವಿನ ನಡುವಿನ ಹಳದಿ ಗೊಂಚಲನ್ನು ಕಾಲುಗಳಿಂದ ತಬ್ಬಿ, ಮೈಯನ್ನು ಅದರ ಸುತ್ತ ಬಾಗಿಸಿತು. ರೆಕ್ಕೆಗಳು ಮಡಚಿಕೊಂಡು ನಿಂತವು. ಗುಯ್ ಎಂಬ ದನಿ ಮಾತ್ರ ನಿಲ್ಲಲಿಲ್ಲ, ಹಾರ್ಮೋನಿಯಮ್ಮಿನ ಲೆಕ್ಕದಲ್ಲಿ ಒಂದು ಮನೆ ಮೇಲಕ್ಕೆ ಏರಿತು. ಹಾರುವಾಗ ಒಂದು ಶ್ರುತಿ, ಹೂವು ಹಿಡಿದಾಗ ಇನ್ನೊಂದು. ರೆಕ್ಕೆ ಬಡಿಯುವ ಅದೇ ಎದೆಯ ಸ್ನಾಯುಗಳನ್ನು, ರೆಕ್ಕೆಯನ್ನು ಬಿಟ್ಟು, ಬರೀ ಮೈ ನಡುಗಿಸಲು ಬಳಸುತ್ತಿತ್ತು. ಹೂವಿನ ತುದಿಯಿಂದ ಮೈದಾಹಿಟ್ಟು ಜರಡಿಯಿಂದ ಉದುರಿದ ಹಾಗೆ ಸಣ್ಣ ಪುಡಿ ಅದರ ಹೊಟ್ಟೆಯ ಮೇಲೆ ಸುರಿಯಿತು. ಒಂದು ಉಸಿರಿನಷ್ಟು ಹೊತ್ತು. ಬಿಟ್ಟಿತು, ಮುಂದಿನ ಹೂವಿಗೆ ಹೋಯಿತು. ಟವೆಲ್ಲಿನೊಳಗೆ ನನ್ನ ಬಾಯಿ ತೆರೆದುಕೊಂಡಿತ್ತು. ಭಯ ಎಲ್ಲಿ ಹೋಯಿತೋ, ಟವೆಲ್ಲು ಬಿಚ್ಚಿ ಮೂಗು ತಾಗುವಷ್ಟು ಹತ್ತಿರ ಹೋಗಿ ಕುಳಿತಿದ್ದೆ.

ಅಂದು ಸಂಜೆ ಒಂದು ಬದನೆ ಹೂವನ್ನು ಬಿಡಿಸಿ, ಲ್ಯಾಬಿನ ಭೂತಗನ್ನಡಿ ಹಿಡಿದು ನೋಡಿದೆ. ದಾಸವಾಳದಂತೆ ಇದು ತನ್ನ ಪರಾಗವನ್ನು ಹೊರಗೆ ಹರವಿ ಇಟ್ಟಿಲ್ಲ. ಪರಾಗಕೋಶಗಳು ಮುಚ್ಚಿದ ಕೊಳವೆಗಳು. ತುದಿಯಲ್ಲಿ ಸೂಜಿಮೊನೆಯಷ್ಟು ತೂತು, ಊಟದ ಮೇಜಿನ ಮೇಲಿನ ಉಪ್ಪಿನ ಡಬ್ಬಿಯ ಹಾಗೆ. ಮಕರಂದವೂ ಇಲ್ಲ. ಬಂದ ಬಂದವರಿಗೆಲ್ಲ ಬಡಿಸುವ ಮನೆಯಲ್ಲ ಇದು. ನಡುಗಿಸಬಲ್ಲವರಿಗೆ ಮಾತ್ರ, ಅದೂ ಒಂದು ಸಲಕ್ಕೆ ಒಂದು ಚಿಟಿಕೆ. ಹಾಗಾಗಿ ಹುಳ ಇನ್ನೊಂದು ಬದನೆ ಹೂವಿಗೆ ಹೋಗಲೇಬೇಕು. ಹೋಗುವಾಗ ಹೊಟ್ಟೆಗೆ ಅಂಟಿದ್ದನ್ನು ಅಲ್ಲಿಯ ಶಲಾಕೆಗೆ ಒರೆಸಿಯೇ ಹೋಗಬೇಕು.

ಇದನ್ನು ಯಾರು ಯಾರಿಗೆ ಕಲಿಸಿದರು ಎಂದು ಯೋಚಿಸುತ್ತ ಕುಳಿತೆ. ಹೂವು ಕೊಳವೆಯ ಬಾಯನ್ನು ಕಿರಿದು ಮಾಡುತ್ತ ಹೋದಂತೆ ಹುಳ ನಡುಕವನ್ನು ಹದ ಮಾಡುತ್ತ ಹೋಯಿತೋ, ಹುಳ ಹದವಾದಂತೆ ಹೂವು ಇನ್ನಷ್ಟು ಬಿಗಿಯಾಯಿತೋ. ಅವ್ವನ ರುಬ್ಬುವ ಒರಳು ನೆನಪಾಯಿತು. ಗುಂಡು ಕುಳಿಯನ್ನು ಸವೆಸಿ, ಕುಳಿ ಗುಂಡನ್ನು ಸವೆಸಿ, ಕೊನೆಗೆ ಆ ಗುಂಡು ಆ ಒರಳಿಗೇ ಆಗಬೇಕು. ನೆರೆಮನೆಯ ಗುಂಡು ತಂದು ಇಟ್ಟರೆ ಉದ್ದು ನುಣ್ಣಗಾಗುವುದಿಲ್ಲ. ಅದು ಮೂವತ್ತು ನಲವತ್ತು ವರ್ಷದ ಸವೆತ. ಇದು ಎಷ್ಟು ಕಾಲದ ಸವೆತವೋ, ನನ್ನ ಲೆಕ್ಕಕ್ಕೆ ಎಟುಕುವುದಿಲ್ಲ. ಆ ಹೂವಿಗೆ ಈ ಒಂದೇ ಹುಳ ಎಂದೇನೂ ಇಲ್ಲ, ಒಣಮರ ಕೊರೆಯುವ ಕರಿ ದುಂಬಿಗೂ ಈ ಕಸುಬು ಬರುತ್ತದೆ. ಆದರೆ ಭಾವನವರು ಕೊಟ್ಟಿಗೆಯ ಹಳೆಯ ಜಂತೆ ತೆಗೆಸಿ ಶೀಟು ಹಾಕಿಸಿದ ಮೇಲೆ ದುಂಬಿಗಳೂ ಅಪರೂಪ. ಉಳಿದಿದ್ದುದು ಗೋಡೆ. ಗೋಡೆಗೆ ನಾನಿದ್ದೆ.

ಆ ಒಂಟಿ ಹುಳ ಮತ್ತೆ ಬಂದದ್ದು ಯಾರಿಗೂ ಕಾಣಲಿಲ್ಲ. ಅದನ್ನು ನೆಚ್ಚಿಕೊಂಡು ಕೂರುವಂತಿರಲಿಲ್ಲ. ಗಿಡಗಳ ಕೆಳಗಿನ ಎಲೆ ಹಳದಿಯಾಗುತ್ತಿತ್ತು. ಆ ವಾರವೇ ಎಂಟನೇ ತರಗತಿಗೆ ಶಬ್ದದ ಪಾಠ. ಎರಡು ಕವಲಿನ ಉಕ್ಕಿನ ಶ್ರುತಿಕವೆಯನ್ನು ರಬ್ಬರಿಗೆ ತಟ್ಟಿ ನೀರಿನ ಲೋಟಕ್ಕೆ ತಾಗಿಸಿದೆ, ನೀರು ಚಿಮ್ಮಿತು, ಮಕ್ಕಳು ಎಂದಿನಂತೆ ನಕ್ಕರು. ನಾನು ಕವೆಯನ್ನು ಹಿಡಿದುಕೊಂಡು ಹಾಗೇ ನಿಂತೆ. ನಿಂತೇ ಇದ್ದೆನೆಂದು ಕಾಣುತ್ತದೆ, ಸಾರ್ ಹುಷಾರಿಲ್ಲವಾ ಎಂದು ಒಬ್ಬಳು ಕೇಳಿದಳು.

ಮುಖ್ಯೋಪಾಧ್ಯಾಯರಿಗೆ ಹೇಳಿಯೇ ಕವೆಗಳ ಜೋಡಿಯನ್ನು ಪೆಟ್ಟಿಗೆಸಮೇತ ಅಕ್ಕನ ಊರಿಗೆ ಒಯ್ದೆ. ಯಾತಕ್ಕೆಂದು ಮಾತ್ರ ಹೇಳಲಿಲ್ಲ.

ಅಕ್ಕ ಕೂಸಿಗೆ ಎಣ್ಣೆ ತೀಡುತ್ತಿದ್ದಳು. ನಾನು ಉದ್ದನೆಯ ಕವೆಯನ್ನು ರಬ್ಬರ್ ಚಪ್ಪಲಿಯ ಅಟ್ಟೆಗೆ ಬಡಿದು, ಹೂವಿನ ತೊಟ್ಟಿಗೆ ತಾಗಿಸಿದೆ. ಏನೂ ಆಗಲಿಲ್ಲ. ಬೇಲಿಯಾಚೆ ಅಜ್ಜಿ ಆಗಲೇ ಕುಳಿತಾಗಿತ್ತು.

“ಏನ್ ಮೇಷ್ಟ್ರೇ, ಬದ್ನೆಗಿಡಕ್ಕೆ ಸುತಿ ಕೂರುಸ್ತಿದ್ದೀರಾ? ಇನ್ನೊಂದ್ ಗಳ್ಗೆ ಬುಟ್ರೆ ಅರಿಕತೆ ಮಾಡ್ತದೆ.”

ಕವೆಯನ್ನು ಬದಲಿಸಿ, ಗಿಡ್ಡನೆಯ, ಮೇಲಿನ ಶ್ರುತಿಯದ್ದನ್ನು ತೆಗೆದುಕೊಂಡೆ. ಈ ಸಲ ತೊಟ್ಟು ಬಿಟ್ಟು, ಹಳದಿ ಗೊಂಚಲಿಗೇ ಹಗುರಾಗಿ ತಾಗಿಸಿದೆ. ಅಕ್ಕ ಎದ್ದು ಬಂದು, ಎಣ್ಣೆಗೈಯನ್ನು ಸೀರೆಗೆ ಒರೆಸಿಕೊಂಡು, ಹೂವಿನ ಕೆಳಗೆ ಅಂಗೈ ಒಡ್ಡಿದಳು. ಅಂಗೈ ಮೇಲೆ ಕೆನೆಬಣ್ಣದ ಪುಡಿ ಬಿತ್ತು, ರಂಗೋಲಿಯ ಒಂದು ಚುಕ್ಕೆಯಷ್ಟು. ಅವಳು ಬಹಳ ಹೊತ್ತು ಅದನ್ನು ನೋಡಿದಳು. ಎರಡು ತಿಂಗಳಿಂದ ನನ್ನ ಮುಖ ನೋಡದೆಯೇ ಮಾತಾಡಿದ್ದವಳು ಈಗ ನೋಡಿ, ಇನ್ನೊಂದು ಸಲ ಮಾಡು ಎಂದಳು.

ಪುಡಿಯನ್ನು ಚಮಚದ ಬೆನ್ನಿನಲ್ಲಿ ಹಿಡಿದು ಪಕ್ಕದ ಗಿಡದ ಹೂವಿನ ಶಲಾಕೆಗೆ ಮುಟ್ಟಿಸಿದೆವು. ಎಲ್ಲ ಹೂವೂ ಕಾಯಾಗುವ ಹೂವಲ್ಲ, ಶಲಾಕೆ ಹೊರಗೆ ಇಣುಕುವಂಥದನ್ನು ಆರಿಸಬೇಕು ಎಂದು ನಾನು ಪುಸ್ತಕ ನೋಡಿ ಹೇಳುವಷ್ಟರಲ್ಲಿ ಅಕ್ಕ ಆರಿಸಿಯೇ ಬಿಟ್ಟಿದ್ದಳು. ಕವೆಗಳನ್ನು ಅವಳ ಬಳಿಯೇ ಬಿಟ್ಟು ಬಂದೆ. ಬೆಳಗಿನ ಹೊತ್ತು, ಹಾಲು ಕರೆದಾದ ಮೇಲೆ, ಅವಳು ಚಪ್ಪಲಿಗೆ ಕವೆ ಬಡಿದು ನಾಲ್ಕು ಗಿಡದ ಹೂವುಗಳನ್ನು ಮಾತಾಡಿಸಿ ಬರುವುದು ಎರಡು ವಾರ ನಡೆಯಿತು. ನಾನು ಶ್ರೀರಂಗಪಟ್ಟಣದಿಂದ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದೆ. ಮಳೆ ಬಂದು ಪುಡಿ ತೊಯ್ದರೆ? ಹಸು ಹಗ್ಗ ಬಿಚ್ಚಿಕೊಂಡು ಗಿಡ ತಿಂದರೆ? ಕವೆಗೆ ತುಕ್ಕು ಹಿಡಿದರೆ? ಮೂರನೆಯ ದಿನದಿಂದ ಭಾವನವರು ಫೋನು ಎತ್ತಿ, ನಿಮ್ಮಕ್ಕ ಡೇರಿಗೆ ಹೋಗಿದ್ದಾಳೆ ಎನ್ನಲು ಶುರುಮಾಡಿದರು.

ಮೂರು ಕಾಯಿ ಕಟ್ಟಿದವು, ಸೊಟ್ಟವಲ್ಲ, ಗುಂಡಗೆ. ನಾನು ಕವೆಯ ಬಗ್ಗೆ ಹೆಮ್ಮೆಯಿಂದ ಒಂದು ಮಾತು ಆಡಿದ್ದೇ ತಪ್ಪಾಯಿತು.

“ದಿನಾ ಬೆಳಗಾದ್ರೆ ಇದ ಬಡ್ಕಂಡ್ ಕೂತ್ಕಂಡ್ರೆ ಮುದ್ದೆ ತಿರುವೋರ್ಯಾರು? ಉಳದ್ ಕೆಲ್ಸ ಉಳನೇ ಮಾಡ್ಬೇಕು ಕಣ್ಲಾ. ಗ್ವಾಡೆ ಬಿಚ್ಚು.”

ಬಿಚ್ಚಿದೆ. ಬಳಿದವರನ್ನು ಕರೆಸುತ್ತೇನೆಂದರೆ ಅಕ್ಕ ಒಪ್ಪಲಿಲ್ಲ, ನೀನೇ ಎಂದಳು. ಉಳಿ ಸುತ್ತಿಗೆ ಹಿಡಿದು ಎರಡು ಭಾನುವಾರ. ಕಣ್ಣಿಗೆ ಚೂರು ಸಿಡಿದೀತೆಂದು ಬೈಕಿನ ಹೆಲ್ಮೆಟ್ಟು ಹಾಕಿಕೊಂಡು ಗೋಡೆ ಕುಟ್ಟಿದ ಮೇಷ್ಟ್ರನ್ನು ನೋಡಲು ಬೇಲಿಯಾಚೆ ಅಜ್ಜಿಯ ಜೊತೆ ಇನ್ನಿಬ್ಬರು ಸೇರಿದ್ದರು. ಅಂಗೈಯಲ್ಲಿ ಬೊಬ್ಬೆ ಬಂತು. ಸಿಮೆಂಟು ಹಪ್ಪಳದಂತೆ ಎದ್ದು ಬರುವಾಗ ಹಿಂದೆ ಒಂದಿಂಚು ಮಣ್ಣನ್ನೂ ಕಿತ್ತುಕೊಂಡು ಬರುತ್ತಿತ್ತು. ಆ ಮಣ್ಣಿನಲ್ಲಿ ಮುಚ್ಚಿಹೋದ ಗೂಡುಗಳು ಕಂಡವು, ಬೆರಳ ತುದಿಯಷ್ಟು ಕೋಣೆಗಳು, ಒಳಗೋಡೆಗೆ ಯಾರೋ ಕೈಯಲ್ಲಿ ನಯ ಮಾಡಿದಂತೆ ನುಣುಪು. ಕೆಲವದರಲ್ಲಿ ಹಳದಿ ಪುಡಿಯ ಒಣಮುದ್ದೆ ಹಾಗೇ ಇತ್ತು. ಮರಿಗೆಂದು ಕಟ್ಟಿಟ್ಟ ಬುತ್ತಿ. ಅದನ್ನು ತಿನ್ನಬೇಕಾದದ್ದು ಅದರ ಪಕ್ಕದಲ್ಲೇ ಒಣಗಿ ಸಣ್ಣ ಸಿಪ್ಪೆಯಾಗಿತ್ತು. ಒಂದು ಕೂಸಿನ ಚಿಂತೆಯಲ್ಲಿ ನಾನು ಎಷ್ಟು ಮರಿಗಳ ಬಾಗಿಲು ಮುಚ್ಚಿದ್ದೆ. ಸುತ್ತಿಗೆ ಕೆಳಗಿಟ್ಟು ಸ್ವಲ್ಪ ಹೊತ್ತು ಕುಳಿತೆ. ಅಕ್ಕ ನೋಡಿದಳು. ನೀರು ತಂದುಕೊಟ್ಟಳು.

ಗೌರಿಹಬ್ಬಕ್ಕೆ ತವರಿನ ಬಾಗಿನ ತೆಗೆದುಕೊಂಡು ಹೋದೆ. ಅವ್ವ ಅಪ್ಪ ಇಲ್ಲದ ಮೇಲೆ ತವರೆಂದರೆ ನಾನೇ. ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ ಎಲ್ಲ ಇದೆಯೇ ಎಂದು ದಾರಿಯಲ್ಲಿ ಎರಡು ಕಡೆ ಬೈಕು ನಿಲ್ಲಿಸಿ ನೋಡಿದ್ದೆ. ಅಕ್ಕ ಬಾಗಿನ ತೆಗೆದುಕೊಂಡು, ಅರಿಶಿನ ಕುಂಕುಮವಾದ ಮೇಲೆ, ಹಿತ್ತಲಿಗೆ ಬಾ ಎಂದಳು.

ಹಳದಿಗಟ್ಟಿದ ಕಾಯನ್ನು ನನಗಾಗಿಯೇ ಕುಯ್ಯದೆ ಇಟ್ಟಿದ್ದಳು. ಚೂರಿ ಇಳಿಸಿ ಎರಡು ಹೋಳು ಮಾಡಿದಳು. ಒಳಗೆ ಬೀಜ ಒತ್ತೊತ್ತಾಗಿ, ಒಂದರ ಪಕ್ಕ ಒಂದು, ಜಾಗ ಸಾಲದೆ ಕೂತಿದ್ದವು. ಆಮೇಲೆ ಬೂದಿ ಸಗಣಿ ಕಲಸಿ ನಾಲ್ಕು ಬಿಲ್ಲೆ ತಟ್ಟಿ, ಮೂರನ್ನು ಗೋಡೆಗೆ ಹೊಡೆದಳು. ನನ್ನ ಸುತ್ತಿಗೆಯ ಗಾಯಗಳು ತುಂಬಿದ ಗೋಡೆ. ನಾನು ಅದರ ಮೈಯೆಲ್ಲ ಹುಡುಕಿದೆ. ಅಕ್ಕ ಬೆರಳು ಮಾಡಿ ತೋರಿಸಿದಳು. ಬಲಗಡೆ ಮೂಲೆಯಲ್ಲಿ ಎರಡು ತೂತು, ಕೆಳಗೆ ಹೊಸದಾಗಿ ತೋಡಿದ ಮಣ್ಣಿನ ಪುಡಿ. ಹೆಚ್ಚೇನಿಲ್ಲ, ಎರಡೇ. ಯಾವುದೂ ಹೊರಗೆ ಬರಲಿಲ್ಲ, ಆದರೆ ಕಿವಿ ಹತ್ತಿರ ಇಟ್ಟರೆ ಒಳಗಿಂದ ಸಣ್ಣ ಗುಯ್ ಕೇಳಿಸಿತು. ನಾನು ಗೋಡೆಗೆ ಕಿವಿಯಿಟ್ಟು ನಿಂತಿದ್ದೆ. ನನ್ನ ಹೆಂಡತಿ ಜೊತೆಗೆ ಬಂದಿದ್ದಳು, ಇವರು ಇವರೇನಾ ಎಂದು ಅಕ್ಕನನ್ನು ಕೇಳಿದಳು.

ನಾಲ್ಕನೆಯ ಬಿಲ್ಲೆಯನ್ನು ಅಕ್ಕ ಬಿಸಿಲಿಗಿಟ್ಟು, ಸಂಜೆ ಹೊರಡುವಾಗ ಮುತ್ತುಗದೆಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು.

“ಒಂದೇ ಗ್ವಾಡೆ ನೆಚ್ಕಂಡಿದ್ದು ನನ್ ತಪ್ಪು. ಇದು ನಿನ್ನತ್ರ ಇರ್ಲಿ. ಗ್ವಾಡೆಗ್ ಮಾತ್ರ ತಟ್ಟೋಕೋಗ್ಬ್ಯಾಡ ಕಣ್ಲಾ. ನಿನ್ ಕೈಗೆ ಗ್ವಾಡೆ ಸಿಕ್ಬಾರ್ದು.”

ಶ್ರುತಿಕವೆಗಳೆರಡೂ ಅಲ್ಲೇ ಉಳಿದವು. ಕೂಸು ಅತ್ತಾಗ ಒಂದನ್ನು ಬಡಿದು ಕಿವಿಯ ಹತ್ತಿರ ಹಿಡಿದರೆ ಸುಮ್ಮನಾಗುತ್ತದಂತೆ, ಇನ್ನು ಕೊಡುವ ಮಾತೇ ಇಲ್ಲವೆಂದು ಅಕ್ಕನ ಮಗಳು ಹೇಳಿದಳು. ಶಾಲೆಗೆ ಹೊಸ ಜೊತೆ ಕೊಂಡುಕೊಟ್ಟೆ. ಹಳೆಯ ಕವೆಗಳ ಮರದ ಪೆಟ್ಟಿಗೆ ಖಾಲಿಯಾಗಿ ನನ್ನ ಬಳಿ ಉಳಿಯಿತು, ಒಳಗೆ ಕೆಂಪು ಮಖಮಲ್ಲಿನದು. ಅವ್ವನ ಬದನೆ ಈಗ ಅದರಲ್ಲಿದೆ. ಶ್ರೀರಂಗಪಟ್ಟಣದ ಮನೆಯ ಬೀರುವಿನಲ್ಲಿ, ನಮ್ಮ ಮದುವೆಯ ಆಲ್ಬಮ್ಮಿನ ಮೇಲೆ.

ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಪೆಟ್ಟಿಗೆ ತೆರೆದು ನೋಡುತ್ತೇನೆ. ಬಿಲ್ಲೆಗೆ ಹುಳ ಬಿದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅಕ್ಕನಿಗೆ ಫೋನು ಮಾಡಿ, ಗೋಡೆಗೆ ಇನ್ನೊಂದು ಹುಳವಾದರೂ ಬಂತೇ ಎಂದು ಕೇಳುತ್ತೇನೆ. ಭಾವನವರೇ ಎತ್ತುತ್ತಾರೆ. ಡೇರಿಗೆ ಹೋಗಿದ್ದಾಳೆ ಎನ್ನುತ್ತಾರೆ. ಹಿಂದಿನಿಂದ ಅಕ್ಕನ ದನಿ ಕೇಳಿಸುತ್ತದೆ, ತೂತು ಐದಾಗಿವೆ ಎಂದು ಹೇಳಿ ಇಟ್ಟುಬಿಡಿ ಎಂದು.